ಖಾಲಿ ಕೋಣೆಯ ತಂಪು

ಅಮ್ಮಿಯ ಫೋನನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿದೆ. ಅದರ ಮೇಲೆ ನನ್ನ ಫೋನು ಇಟ್ಟು ಮತ್ತೊಮ್ಮೆ ಸುತ್ತಿದೆ. ದಾರ ಬಿಗಿದು, ಗಂಟಿನ ತುದಿಯನ್ನು ಒಳಗೆ ಮಡಚಿ ಸಿಕ್ಕಿಸಿದೆ.

ತುದಿ ಹೊರಗೆ ಉಳಿದರೆ ಗಾಳಿಗೆ ಬಡಿದು ಬಡಿದು ಗಂಟು ಸಡಿಲುತ್ತದೆ ಎಂದು ನನ್ನ ಅಣ್ಣ ಯಾಸೀನ್ ಭಾಯ್ ಹೇಳುತ್ತಿದ್ದ. ಲಾರಿಗೆ ತಾಡಪಾಲು ಕಟ್ಟುವಾಗ ಕಲಿಸಿಕೊಟ್ಟ ಗಂಟು ಇದು. ಅಕ್ಕಿ ಡಬ್ಬಿಯೊಳಗೆ ಗಾಳಿ ಎಲ್ಲಿಂದ ಬರಬೇಕು? ಆದರೂ ನನ್ನ ಕೈಗೆ ಬೇರೆ ಗಂಟು ಬರುವುದಿಲ್ಲ.

ಅಮ್ಮಿ ಮುಚ್ಚಳ ಹಿಡಿದು ನಿಂತಿದ್ದಳು. ಪೊಟ್ಟಣವನ್ನು ಅಕ್ಕಿಯೊಳಗೆ ಒತ್ತಿದೆ. ಮೇಲೆ ಅಕ್ಕಿ ಎಳೆದೆ. ಮುಚ್ಚಳ ಹಾಕಿದ ಮೇಲೂ ಇಬ್ಬರೂ ಮಾತಾಡಲಿಲ್ಲ.

ನಮ್ಮ ಯಲ್ಲಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಿಂದ ಕಿತ್ತ ಹಳೆಯ ಯಂತ್ರಗಳನ್ನು ಹೇರಿಕೊಂಡು ಭಾಯ್ ಹುಬ್ಬಳ್ಳಿಗೆ ಹೊರಟದ್ದು ನವರಾತ್ರಿಗೆ ಮುಂಚೆ. ಲಾರಿ ಕಲಘಟಗಿ ಹತ್ತಿರ ರಸ್ತೆ ಬದಿಯಲ್ಲಿ ಸಿಕ್ಕಿತು, ಮಾಲು ಇದ್ದ ಹಾಗೇ ಇತ್ತು, ಭಾಯ್ ಮಾತ್ರ ಇರಲಿಲ್ಲ.

ಆ ವಾರ ಅಮ್ಮಿ ಶಿರಸಿಯಲ್ಲಿರುವ ತನ್ನ ತಂಗಿ ಫಿರ್ದೌಸ್ ಖಾಲಾಗೆ ಫೋನು ಮಾಡಿ ಅತ್ತಿದ್ದಳು. ಪೊಲೀಸರ ಹತ್ತಿರ ಹೋಗುತ್ತೇನೆ, ಕಾಲಿಗಾದರೂ ಬೀಳುತ್ತೇನೆ ಎಂದಿದ್ದಳು. ಫೋನು ಇಟ್ಟು ಮುಖ ತೊಳೆದು ಬರುವಷ್ಟರಲ್ಲಿ ಮತ್ತೆ ರಿಂಗಾಯಿತು. ಗುರುತಿಲ್ಲದ ಗಂಡಸಿನ ದನಿ. ಅಮ್ಮಿ ಖಾಲಾಗೆ ಹೇಳಿದ್ದನ್ನೇ ಒಂದೊಂದು ಮಾತೂ ಬಿಡದೆ ಅಮ್ಮಿಗೆ ತಿರುಗಿ ಹೇಳಿತು. ಅವಳು ಬಿಕ್ಕಿದ ಕಡೆಯಲ್ಲಿ ಅದೂ ಸ್ವಲ್ಪ ನಿಂತಿತು. ಕೊನೆಗೆ, ಯಾರ ಕಾಲಿಗೂ ಬೀಳಬೇಡ, ಮನೆಯಲ್ಲಿರು ಎಂದು ಸೇರಿಸಿತು.

ಇದು ನಮಗೊಬ್ಬರಿಗೇ ಆದದ್ದಲ್ಲ. ಸಿದ್ದಾಪುರದ ಅಡಿಕೆ ವ್ಯಾಪಾರಿಯೊಬ್ಬರಿಗೆ ಅವರು ಹೆಂಡತಿಯ ಜೊತೆ ಆಡಿದ ಜಗಳವನ್ನೇ ಹೀಗೆ ಕೇಳಿಸಿದ್ದರಂತೆ. ಅವರು ಅಂಗಡಿ ಮುಚ್ಚಿ ಹೋದವರು ಎಲ್ಲಿದ್ದಾರೋ ಗೊತ್ತಿಲ್ಲ. ಮೂರು ತಾಲ್ಲೂಕಿನಲ್ಲಿ ಜನ ಈಗ ಫೋನು ಎತ್ತಿದರೆ ಹವಾಮಾನ ಮಾತ್ರ ಮಾತಾಡುತ್ತಾರೆ.

ಫೋನು ಸುಮ್ಮನೆ ಬಿದ್ದಿದ್ದರೆ ಯಾರಿಗೂ ಏನೂ ಕೇಳುವುದಿಲ್ಲ ಎಂದು ಭಾಯ್‌ನ ಕೇಸು ನೋಡುತ್ತಿದ್ದ ಸಬ್ ಇನ್‌ಸ್ಪೆಕ್ಟರ್ ರಕ್ಷಿತಾ ಮೇಡಂ ಹಿಂದೊಮ್ಮೆ ಬಂದಾಗ ನಮಗೆ ತಿಳಿಸಿ ಹೇಳಿದ್ದರು. ಅಮ್ಮಿ ತಲೆಯಾಡಿಸಿದಳು. ಅವರು ಹೋದ ಕೂಡಲೆ ಅಕ್ಕಿ ಡಬ್ಬಿ ಹುಡುಕಿದಳು. ಅಂದಿನಿಂದ ಮನೆಯಲ್ಲಿ ಮಾತಾಡಬೇಕಾದಾಗಲೆಲ್ಲ ಫೋನುಗಳನ್ನು ಹೂಳುತ್ತೇವೆ.

ಆ ಬೆಳಿಗ್ಗೆ ಡಬ್ಬಿ ಮುಚ್ಚಿದ ಮೇಲೆ ಮೇಡಂ ಹಿತ್ತಿಲ ಬಾಗಿಲಿಂದ ಬಂದರು. ಸಾದಾ ಚೂಡಿದಾರ, ಕೈಯಲ್ಲಿ ಸೊಪ್ಪಿನ ಚೀಲ. ಬರುತ್ತೇನೆಂದು ಯಾರಿಗೂ ಫೋನು ಮಾಡಿರಲಿಲ್ಲ. ಬಿಸ್ಮಿಲ್ಲಾ ಬಿ ಎಂದು ಅಮ್ಮಿಯನ್ನು ಹೆಸರು ಹಿಡಿದೇ ಕರೆದು, ನೀರು ಕುಡಿದು, ನನ್ನ ಕಡೆ ತಿರುಗಿದರು. ಅಣ್ಣ ಹೊರಡುವ ಮೊದಲು ಆಡಿದ ಮಾತನ್ನೆಲ್ಲ ಇನ್ನೊಮ್ಮೆ ನೆನಪು ಮಾಡಿಕೊ ಅಂದರು.

ನಾನು ಹೇಳಿದೆ. ಚಹಾ ಕುಡಿದ. ಎಡಗಡೆಯ ಚಕ್ರದಲ್ಲಿ ಗಾಳಿ ಕಡಿಮೆ ಎಂದು ಗೊಣಗಿದ. ಬರುವಾಗ ಅಮ್ಮಿಗೆ ಧಾರವಾಡದ ಪೇಡೆ ತರುತ್ತೇನೆಂದ. ಆಮೇಲೆ ಚಪ್ಪಲಿ ಮೆಟ್ಟುತ್ತಾ, ಯಂತ್ರ ಎಲ್ಲ ಹೊರಗೆ ಹಾಕಿದರೂ ಎಕ್ಸ್‌ಚೇಂಜಿನ ಕೋಣೆ ಇನ್ನೂ ತಂಪಾಗೇ ಇದೆ, ಅಲ್ಲಿ ಯಾರಿಗೆ ಸೆಕೆಯೋ ಎಂದು ನಕ್ಕ.

ಮೇಡಂ ಲೋಟ ಕೆಳಗಿಟ್ಟರು.

“ಇದನ್ನ ಇಷ್ಟು ದಿನ ಯಾಕ್ ಹೇಳ್ಲಿಲ್ಲ ನೀನು?”

ಅದು ಹೇಳುವ ಮಾತು ಎಂದು ನನಗೆ ಅನಿಸಿರಲಿಲ್ಲ.

ಎಕ್ಸ್‌ಚೇಂಜಿನ ಎ.ಸಿ. ಮನುಷ್ಯರಿಗಲ್ಲ, ಯಂತ್ರಕ್ಕೆ ಎಂದು ಮೇಡಂ ವಿವರಿಸಿದರು. ಯಂತ್ರ ಬಿಸಿಯಾಗುತ್ತದೆ, ಅದಕ್ಕೆ ತಂಪು ಬೇಕು. ಯಂತ್ರವೇ ಇಲ್ಲದ ಮೇಲೆ ಎ.ಸಿ. ಯಾರಿಗೆ? ಹೇಳುತ್ತಾ ಹೇಳುತ್ತಾ ಅವರು ಎದ್ದಾಗಿತ್ತು. ನೀನೂ ಬಾ, ಅಣ್ಣನ ಕೆಲಸ ನೋಡಿ ಗೊತ್ತಿದ್ದವಳು ಅಂದರು. ಅಮ್ಮಿ ನನ್ನ ದುಪಟ್ಟಾ ಸರಿ ಮಾಡಿದಳು.

ಎಕ್ಸ್‌ಚೇಂಜು ಬಜಾರದ ಹಿಂದಿನ ಹಳದಿ ಕಟ್ಟಡ. ಮೇಲೆ ಮೊಬೈಲಿನ ಟವರು. ಗೇಟಿನಲ್ಲಿ ಮೇಲ್ವಿಚಾರಕ ಮಧುಕೇಶ್ವರ ಹೆಗಡೆಯವರು ಸಿಕ್ಕಿದರು. ಸಿದ್ದಾಪುರ ಕಡೆಯ ಮನ್ಮನೆ ಊರಿನವರು. ಅಮ್ಮಿ ಬಿಲ್ಲು ಕಟ್ಟಲು ಹೋದಾಗಲೆಲ್ಲ ಕುರ್ಚಿ ಕೊಟ್ಟು ಕೂರಿಸುತ್ತಿದ್ದವರು. ಸೊಂಟದಲ್ಲಿ ದೊಡ್ಡ ಕೀಲಿಗೊಂಚಲು. ಯಂತ್ರಗಳ ಒಂದೊಂದು ಕಪಾಟಿಗೆ ಒಂದೊಂದು ಕೀಲಿ. ಕಪಾಟುಗಳು ಹೋದವು, ಕೀಲಿ ಹೋಗಲಿಲ್ಲ. ಅವರು ನಡೆದರೆ ಮೊದಲು ಕೇಳುವುದು ಅದೇ.

ಕೋಣೆಯ ಹೊರಗೆ ಅವರು ಚಪ್ಪಲಿ ಬಿಟ್ಟರು. ನಾನೂ ಬಿಟ್ಟೆ. ಎಕ್ಸ್‌ಚೇಂಜಿನೊಳಗೆ ಚಪ್ಪಲಿ ಹಾಕುವ ಹಾಗಿಲ್ಲ. ಧೂಳೂ ಕಾರಣ, ಪೂಜೆ ಮಾಡಿದ ಜಾಗ ಎಂಬುದೂ ಕಾರಣ. ಮೇಡಂ ಬಿಡಲಿಲ್ಲ. ಹೆಗಡೆಯವರು ನೋಡಿ ನೋಡದ ಹಾಗೆ ಇದ್ದರು.

ಒಳಗೆ ಏನೂ ಇಲ್ಲ. ನೆಲದಲ್ಲಿ ಸಾಲಾಗಿ ಬಿಳಿಚಿಕೊಂಡ ಚೌಕಗಳು ಮಾತ್ರ. ಹೆಗಡೆಯವರು ಒಂದೊಂದು ಚೌಕದ ಹತ್ತಿರ ನಿಂತು ತೋರಿಸಿದರು. ಇಲ್ಲಿದ್ದದ್ದು ಕರೆ ಹಿಡಿದುಕೊಳ್ಳುವ ಯಂತ್ರ. ಇಲ್ಲಿದ್ದದ್ದು ಯಾವ ನಂಬರು ಯಾರದು, ಈಗ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವುದು. ಇದು ಇಬ್ಬರನ್ನು ಜೋಡಿಸುವುದು. ಮನೆ ಬಿಟ್ಟು ಹೋದವರ ಹಾಸಿಗೆ ತೋರಿಸಿದ ಹಾಗಿತ್ತು.

ಈಗ ಆ ಕೆಲಸವನ್ನೆಲ್ಲ ಸಾಫ್ಟ್‌ವೇರು ಮಾಡುತ್ತದಂತೆ. ಶಿರಸಿಯದು, ಸಿದ್ದಾಪುರದ್ದು, ನಮ್ಮದು, ಮೂರೂ ಹುಬ್ಬಳ್ಳಿಯ ಒಂದೇ ಕಂಪ್ಯೂಟರಿನೊಳಗೆ ಕೂತಿವೆ. ಇಲ್ಲಿ ಉಳಿದದ್ದು ಗೋಡೆಯ ಮೇಲಿನ ಒಂದು ಸಣ್ಣ ಪೆಟ್ಟಿಗೆ ಮತ್ತು ಅದರಿಂದ ಹೊರಗೆ ಹೋಗುವ ತಂತಿ.

“ಮುಟ್ಟಲೆ ಎಂತದೂ ಇಲ್ಲೆ ಈಗ,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. ಯಂತ್ರಗಳು ಹೋದ ದಿನವೇ ಎ.ಸಿ. ಆರಿಸಿದ್ದೇನೆ ಎಂದೂ ಸೇರಿಸಿದರು.

ಕೋಣೆಯಲ್ಲಿ ಸೆಕೆಯಿತ್ತು. ಮೇಡಂ ಹಣೆ ಒರೆಸಿಕೊಂಡರು. ನನಗೆ ನಾಚಿಕೆಯಾಯಿತು, ಭಾಯ್‌ನ ಒಂದು ತಮಾಷೆಗೆ ಇಷ್ಟು ದೂರ ಕರೆತಂದೆನಲ್ಲ ಎಂದು. ಅವರಿಬ್ಬರೂ ಮಾತಾಡುತ್ತಿದ್ದಾಗ ನಾನು ಗೋಡೆಯ ಕಡೆ ಸರಿದು ನಿಂತೆ.

ಕಾಲಿಗೆ ತಂಪು ತಾಗಿತು.

ಮೊದಲು ಹಿಮ್ಮಡಿಗೆ. ಒಂದು ಹೆಜ್ಜೆ ಹಿಂದೆ ಇಟ್ಟರೆ ಇನ್ನೂ ಜಾಸ್ತಿ. ನನ್ನ ಹಿಂದೆ ಹಳೆಯ ಬ್ಯಾಟರಿ ಕೋಣೆಯ ಬಾಗಿಲಿತ್ತು. ಬಾಗಿಲ ಅಡಿಯ ಸಂದಿಯಿಂದ ಬಾವಿಯೊಳಗಿನ ಗಾಳಿಯ ಹಾಗೆ ತಣ್ಣಗೆ ಏನೋ ಹರಿದು ಬಂದು ಪಾದದ ಸುತ್ತ ನಿಲ್ಲುತ್ತಿತ್ತು.

ಮೇಡಂ ಹತ್ತಿರ ಹೋಗಿ ಅವರ ತೋಳು ಮುಟ್ಟಿ, ನನ್ನ ಕಾಲು ತೋರಿಸಿದೆ. ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಆಮೇಲೆ ಚಪ್ಪಲಿ ಬಿಟ್ಟು, ನಾನು ನಿಂತಲ್ಲಿ ಬಂದು ನಿಂತರು.

“ಹೆಗಡೇರೇ, ಈ ಬಾಗ್ಲ ತೆಗೀರಿ.”

ಹೆಗಡೆಯವರ ಕೈ ಗೊಂಚಲಿಗೆ ಹೋಯಿತು, ಅಲ್ಲೇ ನಿಂತಿತು. ಬೀಗ ಹೊಸದು, ಕೀಲಿ ತಮ್ಮ ಹತ್ತಿರ ಇಲ್ಲ ಅಂದರು.

“ಅವರ ಹತ್ರ ಇಲ್ಲ ಮೇಡಂ. ನನ್ನ ಹತ್ರ ಇದೆ.”

ನಾವು ತಿರುಗಿದೆವು. ಹೊರಬಾಗಿಲಲ್ಲಿ ಉಲ್ಲಾಸ ನಿಂತಿದ್ದ. ಶಿರಸಿಯವನು. ಯಂತ್ರ ಕಿತ್ತು ಸಾಫ್ಟ್‌ವೇರು ಹಾಕುವ ಕೆಲಸ ಹಿಡಿದ ಕಂಪನಿಯ ಎಂಜಿನಿಯರು. ಭಾಯ್‌ನ ಲಾರಿಯನ್ನು ಬಾಡಿಗೆಗೆ ಕರೆದವನೂ ಅವನೇ. ನಾವು ಬರುತ್ತೇವೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ಮೇಡಂ ಅದನ್ನೇ ಕೇಳಿದರು. ಗೇಟು ತೆರೆದರೆ ತನ್ನ ಮೊಬೈಲಿಗೆ ಗೊತ್ತಾಗುತ್ತದೆ ಎಂದ. ಬಂದಿದ್ದ ವೇಗಕ್ಕೆ ಎದೆ ಏರಿಳಿಯುತ್ತಿತ್ತು. ಮುಂದೆ ಬಂದು ಬೀಗ ತೆಗೆದ.

ಒಳಗೆ ಎ.ಸಿ. ಗುಂಯ್ ಎನ್ನುತ್ತಿತ್ತು. ಮಣೆಯ ಮೇಲೆ ಟ್ರಂಕಿನಷ್ಟು ದೊಡ್ಡ ಕಪ್ಪು ಪೆಟ್ಟಿಗೆ. ಅದರ ಮುಖದ ತುಂಬ ಹಸಿರು ದೀಪಗಳು, ಒಂದೂ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಪೆಟ್ಟಿಗೆಯ ಸುತ್ತ ಚೆಂಡುಹೂವಿನ ಮಾಲೆ.

“ಏನೈತ್ರಿ ಇದು?” ಎಂದರು ಮೇಡಂ.

ಉಲ್ಲಾಸ ಹೆಗಡೆಯವರ ಕಡೆ ನೋಡಿದ. ಹೆಗಡೆಯವರು ಹೊಸ್ತಿಲ ಆಚೆಯೇ ನಿಂತು ಕತ್ತು ಚಾಚಿ ನೋಡಿದರು. ಹೂವು ಯಾರು ಹಾಕಿದ್ದು ಎಂದು ಮೇಡಂ ಅವರನ್ನು ಕೇಳಿದರು. ಇಲ್ಲಿ ಆಯುಧ ಪೂಜೆ ಮಾಡುವವರು ಅವರೇ ಎಂಬುದು ಊರಿಗೆಲ್ಲ ಗೊತ್ತು.

“ಆನು ಮಾಡಿದ್ದಲ್ಲ. ಈ ಕೋಣೆಗೆ ಕಾಲು ಹಾಕಿದ್ದೇ ಇಲ್ಲೆ,” ಅಂದರು. ಗಾಬರಿಗೆ ಮನೆಮಾತೇ ಬಂದಿತ್ತು. ಆಮೇಲೆ ಸಾವರಿಸಿಕೊಂಡು, ತಾನು ಮಾಡಿದರೆ ಗಂಧ ಇರುತ್ತಿತ್ತು, ಕುಂಕುಮ ಇರುತ್ತಿತ್ತು, ಇದೆಂತ ಪೂಜೆ ಎಂದರು.

ನಿಜ. ಗಂಧವಿರಲಿಲ್ಲ, ಕುಂಕುಮವಿರಲಿಲ್ಲ. ಬರೀ ಹೂವು.

ನಮ್ಮ ಹಮಾಲರು ಆಯುಧ ಪೂಜೆಯ ದಿನ ಹೂವಿಲ್ಲದ ಲಾರಿ ಹತ್ತುವುದಿಲ್ಲ. ಅಬ್ಬಾನ ಕಾಲದಿಂದಲೂ ಹಾಗೇ. ಕುಂಕುಮ ಹಚ್ಚುವುದು ಅವರು, ಹೂವು ಕಟ್ಟುವುದು ನಾವು. ಭಾಯ್‌ಗೆ ಅದೊಂದು ಆಟ. ಲಾರಿಗೆ ಕಟ್ಟಿ ಉಳಿದದ್ದನ್ನು ನೀರಿನ ಪಂಪಿಗೆ ಕಟ್ಟುತ್ತಿದ್ದ. ಒಂದು ವರ್ಷ ಅಮ್ಮಿಯ ಮಿಕ್ಸರಿಗೂ ಕಟ್ಟಿದ್ದ. ತಿರುಗುವುದೆಲ್ಲ ಗಾಡಿಯೇ, ಕೈಗೆ ಕೊಟ್ಟ ಮೇಲೆ ನಮ್ಮದೇ ಎನ್ನುತ್ತಿದ್ದ.

ಮಾಲೆಯ ಗಂಟು ಪೆಟ್ಟಿಗೆಯ ಪಕ್ಕದಲ್ಲಿತ್ತು. ನಾನು ಬಗ್ಗಿ ನೋಡಿದೆ.

ದಾರದ ತುದಿ ಹೊರಗೆ ಇರಲಿಲ್ಲ. ಒಳಗೆ ಮಡಚಿ ಸಿಕ್ಕಿಸಿತ್ತು.

ಹೂವಿನ ಅಂಚು ಒಣಗಿದ್ದರೂ ಬುಡದಲ್ಲಿ ಇನ್ನೂ ಹಳದಿ ಇತ್ತು. ಈ ಸಲದ ಪೂಜೆಯ ಹೂವು. ಭಾಯ್ ಕಾಣೆಯಾದ ಮೇಲಿನ ಹೂವು.

ಹೇಳಬೇಕಿತ್ತು. ಮೇಡಂ ಒಂದು ಮೊಳ ದೂರದಲ್ಲೇ ಇದ್ದರು. ಆದರೆ ಹೇಳಿದರೆ ಏನಾಗುತ್ತದೆ? ಇಷ್ಟು ದಿನ ಅವರು ಹುಡುಕುತ್ತಿದ್ದದ್ದು ಕಳೆದುಹೋದವನನ್ನು. ಆಮೇಲೆ ಹುಡುಕುವುದು ಅಪರಾಧಿಯನ್ನು.

ನೆಟ್ಟಗೆ ನಿಂತೆ. ಉಲ್ಲಾಸ ಪೆಟ್ಟಿಗೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ.

“ಹೂವು ಗಟ್ಟಿ ಕಟ್ಟಿದ್ದಾರೆ, ಅಲ್ವಾ?” ಅಂದ. ದನಿಯಲ್ಲಿ ಏನೂ ಇರಲಿಲ್ಲ.

ಮೇಡಂ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಹೊರಗಿನ ಕರೆಂಟ್ ಮೀಟರು ನೋಡಿ ಬನ್ನಿ, ಎ.ಸಿ. ಆರಿಸಿದ್ದು ನಿಜವಾದರೆ ಅದು ಇಷ್ಟು ದಿನ ಹೇಗೆ ತಿರುಗಿತು ಎಂದು ಹೆಗಡೆಯವರನ್ನು ಕಳಿಸಿದರು. ಕೀಲಿಗಳ ಸದ್ದು ದೊಡ್ಡ ಕೋಣೆ ದಾಟಿ ಅಂಗಳದ ಕಡೆ ಹೋಯಿತು.

ಆಮೇಲೆ ಮೇಡಂ ಬಾಗಿಲಿಗೆ ಬೆನ್ನು ಕೊಟ್ಟು ನಿಂತರು. ಈಗ ಹೇಳು ಎಂದು ಉಲ್ಲಾಸನಿಗೆ ಅಂದರು.

ಇದು ನಮ್ಮ ಎಕ್ಸ್‌ಚೇಂಜು ಎಂದ ಉಲ್ಲಾಸ. ಹುಬ್ಬಳ್ಳಿಯಲ್ಲಿ ಇರುವುದೂ ಅದೇ ಸಾಫ್ಟ್‌ವೇರು, ಇಲ್ಲಿರುವುದೂ ಅದೇ. ಕೆಲಸ ಶುರುವಾದಾಗ ಪರೀಕ್ಷೆಗೆಂದು ತಾನೇ ಒಂದು ನಕಲು ಮಾಡಿದ್ದ, ಮುಗಿದ ಮೇಲೆ ಅಳಿಸಿದ್ದ. ಅಳಿಸುವ ಮೊದಲು ಯಾರೋ ಅದರದೊಂದು ನಕಲು ತೆಗೆದಿದ್ದಾರೆ. ಮೊನ್ನೆ ಬಂದು ನೋಡಿದರೆ ಪೆಟ್ಟಿಗೆ ಇಲ್ಲಿ ನಡೆಯುತ್ತಿತ್ತು, ಹೂವು ಆಗಲೇ ಇತ್ತು. ಬೀಗ ಬದಲಿಸಿದ್ದು ತಾನೇ.

ಕದ್ದದ್ದು ಇಷ್ಟು ದಿನ ನಿನ್ನ ಗಮನಕ್ಕೆ ಬರಲಿಲ್ಲವೇ ಎಂದು ಮೇಡಂ ಕೇಳಿದರು.

“ಕಬ್ಬಿಣದ ಯಂತ್ರ ಕದ್ದರೆ ಜಾಗ ಖಾಲಿ ಆಗ್ತದೆ ಮೇಡಂ. ಇದನ್ನ ಕದ್ದರೆ ಎಲ್ಲಾ ಇದ್ದಲ್ಲೇ ಇರ್ತದೆ. ಏನು ಹೋಯ್ತು ಅಂತ ಹುಡುಕೋದು?”

ಈ ನಕಲಿನೊಳಗೆ ಯಾರ ನಂಬರು ಹಾಕಿದರೂ ಅವರ ಕರೆ ಮೊದಲು ಇಲ್ಲಿಗೆ ಬರುತ್ತದೆ, ಇದನ್ನು ನಡೆಸುವವರು ಕೇಳಿ ಮುಂದೆ ಬಿಡುತ್ತಾರೆ. ಮಾತಾಡುವವರಿಗೆ ಒಂದು ಚೂರೂ ಗೊತ್ತಾಗುವುದಿಲ್ಲ. ಸಿದ್ದಾಪುರದ ವ್ಯಾಪಾರಿಯ ನಂಬರು ಇದರಲ್ಲಿದೆ. ಅಮ್ಮಿಯದೂ ಇದೆ.

ಮೇಡಂ ಗೋಡೆಯ ಸ್ವಿಚ್ಚಿನ ಕಡೆ ಕೈ ಚಾಚಿದರು. ಉಲ್ಲಾಸ ಅಡ್ಡ ಬಂದ. ಮೈ ಮುಟ್ಟಲಿಲ್ಲ, ಸ್ವಿಚ್ಚನ್ನು ತನ್ನ ಅಂಗೈಯಿಂದ ಮುಚ್ಚಿದ.

“ಆಚೆ ಸರಿ.”

“ಆರಿಸಿ. ನಾನು ಬೇಡ ಅನ್ನಲ್ಲ. ಇದೊಂದು ನೋಡಿ ಆರಿಸಿ.”

ತನ್ನ ಹೆಗಲ ಚೀಲದಿಂದ ಲ್ಯಾಪ್‌ಟಾಪು ತೆಗೆದು ಪೆಟ್ಟಿಗೆಗೆ ತಂತಿ ಹಾಕಿದ. ಪರದೆಯಲ್ಲಿ ಒಂದೇ ನಂಬರು, ಮೇಲಿಂದ ಕೆಳಗಿನವರೆಗೆ. ನನಗೆ ಓದಬೇಕಾಗಿರಲಿಲ್ಲ. ಭಾಯ್‌ನ ನಂಬರು ನನಗೆ ಬಾಯಿಪಾಠ.

ಯಾಸೀನನ ಫೋನಿನಿಂದ ಕರೆಗಳು ಬರುತ್ತಿವೆ ಎಂದ ಉಲ್ಲಾಸ. ಪ್ರತಿ ದಿನ. ಎಲ್ಲವೂ ನಮ್ಮ ಮನೆಗೇ. ಅವನ ನಂಬರನ್ನು ಹುಬ್ಬಳ್ಳಿಯಿಂದ ತೆಗೆದು ಇದರೊಳಗೆ ಮಾತ್ರ ಇಟ್ಟಿದ್ದಾರೆ, ಅದಕ್ಕೆ ಪೊಲೀಸರು ಕೇಳಿದಾಗ ಫೋನು ಬಂದ್ ಆಗಿದೆ ಎಂಬ ಉತ್ತರ ಬಂತು. ಬಂದ ಕರೆ ಈ ಪೆಟ್ಟಿಗೆ ಮುಟ್ಟುತ್ತದೆ. ಮುಂದೆ ಬಿಟ್ಟಿಲ್ಲ. ಇಲ್ಲೇ ಸಾಯುತ್ತದೆ.

ಅಮ್ಮಿ ದಿನವೂ ಫೋನಿನ ಮುಂದೆ ಕೂರುತ್ತಿದ್ದಳು. ಭಾಯ್ ದಿನವೂ ಕರೆಯುತ್ತಿದ್ದ. ನಾನು ಆ ಫೋನನ್ನು ಅಕ್ಕಿಯಲ್ಲಿ ಹೂತಿಟ್ಟು ಬಂದಿದ್ದೆ.

“ಇದನ್ನ ಆರಿಸಿದ್ರೆ ಆ ನಂಬರು ಎಲ್ಲೂ ಇರಲ್ಲ,” ಎಂದ ಉಲ್ಲಾಸ. ಈ ಸಲ ಮೇಡಂಗಲ್ಲ, ನನಗೆ ಹೇಳಿದ.

ಮೇಡಂ ನನ್ನ ಮುಖ ನೋಡಿದರು. ಮೂರು ಊರಿನ ಬಾಯಿ ಕಟ್ಟಿಹಾಕಿದ ಪೆಟ್ಟಿಗೆ ಇದು, ಇವತ್ತೇ ಆರಬೇಕು ಎಂದು ಅವರ ಕಣ್ಣು ಹೇಳುತ್ತಿತ್ತು. ಆರಿಸಬೇಡಿ ಎಂದು ನಾನು ಕೈ ಮುಗಿದೆ.

ಅವರು ಕೈ ಕೆಳಗಿಳಿಸಿದರು. ಇಷ್ಟು ತಿಳಿದವನು ಠಾಣೆಗೆ ಯಾಕೆ ಬರಲಿಲ್ಲ ಎಂದು ಉಲ್ಲಾಸನನ್ನು ಕೇಳಿದರು. ಬರುವುದಾದರೂ ಹೇಗೆ, ಫೋನು ಮಾಡಿದರೆ ಅವರೇ ಕೇಳುತ್ತಾರೆ, ನಡೆದು ಬಂದರೆ ನಕಲು ಮಾಡಿದವನು ನೀನೇ ಎಂದು ಹಿಡಿದು ಕೂರಿಸುತ್ತೀರಿ ಎಂದ. ಹಣೆಯಲ್ಲಿ ಆ ತಂಪಿನಲ್ಲೂ ಬೆವರಿತ್ತು. ಅವನನ್ನು ನಂಬಬೇಕೋ ಬೇಡವೋ ತಿಳಿಯಲಿಲ್ಲ. ಬೆವರು ಸುಳ್ಳು ಹೇಳುವವನಿಗೂ ಬರುತ್ತದೆ.

ಪರದೆಯ ಮೇಲೆ ಒಂದು ಸಾಲು ಕೆಂಪಾಯಿತು.

ಉಲ್ಲಾಸ ಬಗ್ಗಿದ. ಈಗ ಕರೀತಿದ್ದಾನೆ ಅಂದ.

ಯಾವ ಟವರಿನಿಂದ ಎಂದು ಮೇಡಂ ಕೇಳಿದರು. ಅವನು ನೋಡಿದ, ಮತ್ತೆ ನೋಡಿದ, ತಲೆಯೆತ್ತಿ ಚಾವಣಿಯ ಕಡೆ ಬೆರಳು ಮಾಡಿದ. ನಮ್ಮ ತಲೆಯ ಮೇಲಿನ ಟವರು. ಈ ಕಟ್ಟಡದ್ದು.

“ಎತ್ತು,” ಎಂದರು ಮೇಡಂ.

ಅವನು ಏನೋ ಒತ್ತಿದ. ಲ್ಯಾಪ್‌ಟಾಪಿನಿಂದ ಸದ್ದು ಬಂತು. ಗಾಳಿ. ಹೆದ್ದಾರಿಯಲ್ಲಿ ಘಟ್ಟ ಇಳಿಯುವ ಲಾರಿಯ ಹಾರ್ನು. ಅದೇ ಹಾರ್ನು ಕಿಟಕಿಯಿಂದಲೂ ಕೇಳಿತು. ಆಮೇಲೆ ಒಣ ಎಲೆಯ ಮೇಲೆ ಯಾರೋ ಕಾಲಿಟ್ಟ ಸದ್ದು.

ಆಮೇಲೆ ಕೀಲಿಗೊಂಚಲಿನ ಸದ್ದು.

ಇನ್ನೊಮ್ಮೆ ಕೇಳಿತು. ಕಪಾಟುಗಳು ಹೋದರೂ ಹೆಗಡೆಯವರ ಸೊಂಟದಲ್ಲಿ ಉಳಿದ ಕೀಲಿಗಳು, ನಡಿಗೆಯ ತಾಳಕ್ಕೆ ಸರಿಯಾಗಿ, ಭಾಯ್‌ನ ಫೋನಿನೊಳಗಿನಿಂದ.

ಮೇಡಂ ಓಡಿದರು. ನಾನು ದೊಡ್ಡ ಕೋಣೆಯ ಕಿಟಕಿಯವರೆಗೆ ಹೋದೆ. ಅಂಗಳದಲ್ಲಿ ಮೀಟರಿನ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಅದರ ಮುಂದೆ ಯಾರೂ ಇರಲಿಲ್ಲ. ಬಾಗಿಲ ಹೊರಗೆ ಹೆಗಡೆಯವರ ಚಪ್ಪಲಿ ನನ್ನ ಚಪ್ಪಲಿಯ ಪಕ್ಕದಲ್ಲೇ ಇತ್ತು. ಹಿಂದಿನ ಗೋಡೆಯ ಕಡೆಯಿಂದ ಮೇಡಂ ಹೆಗಡೆಯವರ ಹೆಸರು ಹಿಡಿದು ಕೂಗುವುದು ಕೇಳಿಸಿತು. ಆ ಕೂಗು ಬೆನ್ನ ಹಿಂದೆ, ಪೆಟ್ಟಿಗೆಯ ಕೋಣೆಯ ಲ್ಯಾಪ್‌ಟಾಪಿನಿಂದಲೂ ಬಂತು, ಆದರೆ ಸಣ್ಣಗೆ, ಬಾಗಿಲು ಮುಚ್ಚಿದ ಮನೆಯೊಳಗೆ ಕೇಳಿದ ಹಾಗೆ.

ವಾಪಸು ಬಂದೆ. ಉಲ್ಲಾಸ ಗೋಡೆಗೆ ಒರಗಿ ಕೂತಿದ್ದ. ಸಾಲು ಇನ್ನೂ ಕೆಂಪಾಗಿತ್ತು. ಕೀಲಿಗಳು ನಿಂತಿದ್ದವು. ಈಗ ಕೇಳುತ್ತಿದ್ದದ್ದು ಉಸಿರು ಮಾತ್ರ. ಒಂದು ಉಸಿರು ಏದುತ್ತಿತ್ತು, ಹೆಗಡೆಯವರದೇ ಇರಬೇಕು. ಅದರ ಹಿಂದೆ ಇನ್ನೊಂದು ಇತ್ತು, ನಿಧಾನವಾಗಿ, ಬಟ್ಟೆ ಕಟ್ಟಿದ ಬಾಯಿಯಿಂದ ಬಂದ ಹಾಗೆ.

ಮಾಲೆಯ ಗಂಟಿನ ಮೇಲೆ ಬೆರಳಿಟ್ಟೆ. ಇದನ್ನು ಕಟ್ಟಿದ್ದು ಭಾಯ್‌ನ ಕೈ. ತಾನಾಗೇ ಕಟ್ಟಿತೋ, ಯಾರೋ ನಿಂತು ಕಟ್ಟಿಸಿದರೋ.

ಪರದೆಯ ಹತ್ತಿರ ಬಾಯಿ ತಂದು ಭಾಯ್ ಎಂದೆ. ನಿಧಾನದ ಉಸಿರು ಒಂದು ಕ್ಷಣ ನಿಂತ ಹಾಗಾಯಿತು.

“ಭಾಯ್, ನಾನು ಮುಸ್ಕಾನ್. ನೀನೇ ಆಗಿದ್ರೆ ಒಂದು ಮಾತು ಹೇಳು.”